ಕಂಪ್ಯೂಟರಿಗೂ ಅಕ್ಷತೆ

ನಮ್ಮನೆಯವರು ಬ್ಯಾಂಕಿನಿಂದ ರಿಟೈರ್ ಆದ ಮೇಲೆ ಮನೆಯಲ್ಲಿ ಸ್ಕ್ರೂಡ್ರೈವರಿಗೆ ಕೆಲಸ ಜಾಸ್ತಿಯಾಗಿದೆ. ಮಿಕ್ಸಿ, ಕಾಲಿಂಗ್ ಬೆಲ್, ಇಸ್ತ್ರಿಪೆಟ್ಟಿಗೆ ಎಲ್ಲವನ್ನೂ ಒಂದು ಸುತ್ತು ಬಿಚ್ಚಿ ಆಗಿದೆ. ಇಸ್ತ್ರಿಪೆಟ್ಟಿಗೆ ಇನ್ನೂ ಬಿಚ್ಚಿಕೊಂಡೇ ಇದೆ. ಮೊನ್ನೆ ಕಂಪ್ಯೂಟರಿನ ಸರದಿ.

2012ರಲ್ಲಿ ಮಗ ಇಂಜಿನಿಯರಿಂಗ್ ಸೇರಿದಾಗ ತಂದದ್ದು ಅದು. ಓದು ಮುಗಿಸಿ ಅವನು ಬೆಂಗಳೂರಿಗೆ ಹೋದ, ಕಂಪ್ಯೂಟರ್ ಕುವೆಂಪುನಗರದಲ್ಲೇ ಉಳಿಯಿತು. ಈಗ ಇವರು ಅದರಲ್ಲಿ ಪತ್ರಿಕೆಗಳಿಗೆ ಪತ್ರ ಬರೆಯುತ್ತಾರೆ. ಚರಂಡಿ, ಬೀದಿದೀಪ, ದಸರಾ ಟ್ರಾಫಿಕ್ಕು, ವಿಷಯಕ್ಕೇನೂ ಬರ ಇಲ್ಲ. ಬರ ಇದ್ದದ್ದು ರ‍್ಯಾಮಿಗೆ. ಕೆಲಸದ ಹೊತ್ತಿಗೆ ಕಂಪ್ಯೂಟರ್ ಬಳಸುವ ತಾತ್ಕಾಲಿಕ ನೆನಪು ಅದು, ಇದ್ದದ್ದು ಬರೀ 2 ಜಿಬಿ. ಸ್ವಿಚ್ ಒತ್ತಿ, ಹಾಲು ತಂದು, ಕಾಫಿ ಕುಡಿದು ಬಂದರೂ ಪರದೆಯಲ್ಲಿ ಚಕ್ರ ತಿರುಗುತ್ತಲೇ ಇರುತ್ತಿತ್ತು.

"ಇನ್ನೊಂದು 4 ಜಿಬಿ ಹಾಕಿದ್ರೆ ಸರಿಹೋಗುತ್ತೆ ಕಣೇ. ಐದು ನಿಮಿಷದ ಕೆಲಸ" ಅಂದರು. ಇವರು ಐದು ನಿಮಿಷ ಅಂದರೆ ನಾನು ಮೊದಲು ಅಡುಗೆ ಮುಗಿಸಿಕೊಳ್ಳುತ್ತೇನೆ. ಊಟದ ಟೇಬಲ್ ಮತ್ತೆ ಕೈಗೆ ಸಿಗುವುದು ಯಾವಾಗಲೋ!

ಅಂಗಡಿಯವನು ಎಷ್ಟು ಜಿಬಿ ಬೇಕು ಅಂತಷ್ಟೇ ಕೇಳಿದನಂತೆ. ಇವರೂ ಅಷ್ಟೇ ಹೇಳಿದರು. ತಂದ ರ‍್ಯಾಮ್ ಪಟ್ಟಿ ಎಷ್ಟು ಒತ್ತಿದರೂ ಕೂರಲಿಲ್ಲ. ತಿರುಗಿಸಿ ಇಟ್ಟರೂ ಇಲ್ಲ. ಟೇಬಲ್ ಕಿರುಗುಟ್ಟುವ ಸದ್ದಿಗೆ ಮಹಡಿ ಮೇಲೆ ಬಾಡಿಗೆಗಿರುವ ಇಂಜಿನಿಯರಿಂಗ್ ಹುಡುಗ ಇಳಿದು ಬಂದ. "ಬಲವಂತ ಮಾಡ್ಬೇಡಿ ಅಂಕಲ್! ನಿಮ್ಮ ಬೋರ್ಡು ಡಿಡಿಆರ್ 3, ಇದು ಅದರ ಮುಂದಿನ ತಲೆಮಾರಿನ ರ‍್ಯಾಮ್, ಡಿಡಿಆರ್ 4. ಅಂಚಿನ ಕಚ್ಚು ಬೇರೆ ಜಾಗದಲ್ಲಿದೆ ನೋಡಿ. ಹಳೇದಕ್ಕೆ 240 ಪಿನ್, ಇದಕ್ಕೆ 288. ಓಡೋ ವೋಲ್ಟೇಜೂ ಬೇರೆ."

ಇವರು ಜೀವನವಿಡೀ ಕಂತೆ ಕಂತೆ ನೋಟು ಎಣಿಸಿದವರು. ಇನ್ನೊಬ್ಬರು ಹೇಳಿದ ಲೆಕ್ಕ ಒಪ್ಪುತ್ತಾರಾ? ಭೂತಗನ್ನಡಿ ಹಿಡಿದು ಹಳೇ ಪಟ್ಟಿಯ ಪಿನ್ನುಗಳನ್ನು ಎಣಿಸಲು ಕೂತರು. ಒಂದು ಮಗ್ಗುಲಿಗೆ 120 ಬಂತು. ಇನ್ನೊಂದು ಮಗ್ಗುಲನ್ನೂ ಎಣಿಸಿದ ಮೇಲೆಯೇ ಹುಡುಗನನ್ನು ನಂಬಿದ್ದು.

ಹಳೇದನ್ನೇ ಮಾದರಿಗೆ ಹಿಡಿದುಕೊಂಡು ಹೋಗಿ ಬದಲಾಯಿಸಿ ತಂದರು. ಮೊದಲೇ ಹಾಗೆ ಮಾಡಿದ್ದರೆ ಪೆಟ್ರೋಲಾದರೂ ಉಳಿಯುತ್ತಿತ್ತು. ಈ ಸಲ ಕಚ್ಚು ಸರಿಹೊಂದಿತು. ಆದರೆ ಸ್ವಿಚ್ ಹಾಕಿದರೆ ಪರದೆ ಕಪ್ಪು, ಪೆಟ್ಟಿಗೆಯೊಳಗಿಂದ ಬೀಪ್, ಬೀಪ್. "ಬಾಂಬೇನ್ರೀ?" ಅಂದೆ. "ರ‍್ಯಾಮ್ ಸಿಗ್ತಿಲ್ಲ ಅಂತ ಹೇಳ್ತಿದೆ ಆಂಟಿ, ರಬ್ಬರ್ ಇದ್ಯಾ?" ಅಂದ ಹುಡುಗ.

ಅವನು ಕೇಳಿದ್ದು ಪೆನ್ಸಿಲ್ ಅಳಿಸುವ ರಬ್ಬರ್. ಪಿನ್ನುಗಳ ಮೇಲೆ ಕೂತ ಕೊಳೆಯನ್ನು ಅದರಲ್ಲಿ ಮೆಲ್ಲಗೆ ಉಜ್ಜಿ ತೆಗೆಯುತ್ತಾರಂತೆ. ಮೈಯಲ್ಲಿರುವ ಕರೆಂಟು ಚಿಪ್ಪಿಗೆ ಹೊಡೆಯದಿರಲಿ ಅಂತ ಮೊದಲು ಪೆಟ್ಟಿಗೆಯ ಕಬ್ಬಿಣ ಮುಟ್ಟಬೇಕಂತೆ. ಇವರು ಮುಟ್ಟಿದ ಕೈಯನ್ನು ಕಣ್ಣಿಗೊತ್ತಿಕೊಂಡರು. ಅಭ್ಯಾಸ ಬಲ.

ಎಷ್ಟು ಉಜ್ಜಿದರೂ ಬೀಪು ನಿಲ್ಲಲಿಲ್ಲ. ಕೊನೆಗೆ ಹುಡುಗ ಖಾಲಿ ಸ್ಲಾಟಿನೊಳಗೆ ಟಾರ್ಚ್ ಬಿಟ್ಟು, ಟೂತ್‌ಪಿಕ್‌ನಿಂದ ಏನೋ ಮೀಟಿ ತೆಗೆದ. ಅಕ್ಕಿ ನುಚ್ಚು. ಹಳದಿ ಬಣ್ಣದ್ದು.

ಹೋದ ವರ್ಷ ಆಯುಧಪೂಜೆಗೆ ಧೂಳು ಹೊಡೆಯಲು ಮುಚ್ಚಳ ತೆಗೆದಿದ್ದ ಇವರು, "ಬರೀ ಡಬ್ಬಕ್ಕೆ ಯಾಕೆ ಪೂಜೆ, ಆಯುಧ ಒಳಗಿದೆ" ಅಂತ ಒಳಕ್ಕೇ ಅಕ್ಷತೆ ಹಾಕಿದ್ದರು. ಹುಡುಗನ ಮುಂದೆ ನಾನು ಬಾಯಿ ಬಿಡಲಿಲ್ಲ. ಹಾಕುವಾಗ ತೆಗೆದ ಫೋಟೊ ಫ್ಯಾಮಿಲಿ ಗ್ರೂಪಿನಲ್ಲಿ ಇದ್ದೇ ಇದೆ.

ಈಗ ಎರಡೂ ಕಡೆ ಕ್ಲಿಪ್ಪು ಟಕ್ ಅಂತು, ಕಂಪ್ಯೂಟರ್ ಎದ್ದಿತು. ಆದರೆ ಅದು ತೋರಿಸಿದ ಲೆಕ್ಕ ನೋಡಿ ಇವರ ಹುಬ್ಬು ಗಂಟಾಯಿತು. ಇರುವುದು 6 ಜಿಬಿ, ಬಳಕೆಗೆ ಸಿಗುವುದು 3.4 ಮಾತ್ರ! ತಕ್ಷಣ ಬೆಂಗಳೂರಿಗೆ ಫೋನ್. 2015ರಲ್ಲಿ ವಿಂಡೋಸ್ 10 ಪುಕ್ಕಟೆ ಸಿಕ್ಕಾಗ ಮಗ ಹಳೆಯದರ ಮೇಲೇ ಹಾಕಿಕೊಟ್ಟಿದ್ದ. ಹಳೆಯದು 32 ಬಿಟ್, ಹಾಗಾಗಿ ಹೊಸದೂ 32 ಬಿಟ್. ಅದಕ್ಕೆ 4 ಜಿಬಿವರೆಗೆ ಮಾತ್ರ ಲೆಕ್ಕ ಬರುತ್ತದಂತೆ, ಅದರಲ್ಲೂ ಒಂದಷ್ಟು ಡಿಸ್‌ಪ್ಲೇ ಮುಂತಾದವಕ್ಕೆ ಮೀಸಲು.

"ಅಂದ್ರೆ ಟಿಡಿಎಸ್ ಥರ" ಅಂದರು ಇವರು.

"ಹಾಗೇ ಅನ್ಕೋ ಅಪ್ಪಾ. 64 ಬಿಟ್ ಹಾಕಿದ್ರೆ ಪೂರ್ತಿ ಸಿಗುತ್ತೆ, ಬಂದಾಗ ಹಾಕ್ತೀನಿ. ಆದ್ರೂ ಆನ್ ಆಗೋದು ನಿಧಾನಾನೇ. ನಿಂದು ಹಳೇ ಹಾರ್ಡ್ ಡಿಸ್ಕ್ ಅಲ್ವಾ? ಮೊದಲು ಎಸ್‌ಎಸ್‌ಡಿ ಹಾಕ್ಸಬೇಕಿತ್ತು, ತಿರುಗೋ ಡಿಸ್ಕೇ ಇಲ್ಲದ ಅದು ತುಂಬ ಫಾಸ್ಟು."

ಇವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಫೋನಿನ ಬಾಯಿ ಮುಚ್ಚಿ, ನನ್ನ ಕಡೆ ತಿರುಗಿ ಕೇಳಿದರು: "ಆ ರಬ್ಬರ್ ಎಲ್ಲಿಟ್ಟೆ?"