ಹಳೆಯ ಪಿಕಪ್‌ಗೆ ಹೊಸದರ ಬೆಲೆ ಏಕೆ ಕೊಡಬೇಕು?

ಸಿಟ್ಟು ಇನ್ನೂ ಇಳಿದಿಲ್ಲ, ಬರೆದೇ ಬಿಡುತ್ತೇನೆ. ಇಂಡಿ ಕಡೆಯಿಂದ ನಿಂಬೆಹಣ್ಣು ಸಾಗಿಸಲು ನಮ್ಮ ಓಣಿಯ ಹುಡುಗನೊಬ್ಬ ಪಿಕಪ್ ಕೊಳ್ಳುವವನಿದ್ದಾನೆ. ಅವನ ಜೊತೆ ವಿಜಯಪುರದಲ್ಲೇ ಒಂದು ಗಾಡಿ ನೋಡಲು ಹೋಗಿದ್ದೆ. 2025ರ ಬೇಸಿಗೆಯಲ್ಲಿ ಕೊಂಡ ಬೊಲೆರೊ ಪಿಕಪ್. ತೆರಿಗೆ ಸೇರಿ ಬಿಲ್ ಹತ್ತು ಲಕ್ಷದ್ದು, ಕೇಳುತ್ತಿರುವುದು ಒಂಬತ್ತು ಲಕ್ಷ ಹತ್ತು ಸಾವಿರ. ಇಷ್ಟೇಕೆ ಎಂದು ಕೇಳಿದರೆ ದಲ್ಲಾಳಿಯದು ಒಂದೇ ಮಾತು: ‘ಈ ಗಾಡಿಗೆ ರೀಸೇಲ್ ಇದೆ ಸರ್, ನಾಳೆ ಮಾರಿದರೂ ಇದೇ ಬೆಲೆ.’

ರೀಸೇಲ್, ಅಂದರೆ ಮರುಮಾರಾಟದಲ್ಲಿ ಒಳ್ಳೆಯ ಬೆಲೆ, ಇರುವುದು ನಿಜ. ಬಿಡಿಭಾಗಗಳು ಎಲ್ಲೆಡೆ ಸಿಗುತ್ತವೆ, ಹಳ್ಳಿಯ ಮೆಕ್ಯಾನಿಕ್ ಕೂಡ ಎಂಜಿನ್ ಬಿಚ್ಚಿ ಜೋಡಿಸುತ್ತಾನೆ. ಆದರೆ ಆ ರೀಸೇಲ್‌ನ ಲಾಭ ಯಾರ ಜೇಬಿಗೆ ಹೋಗುತ್ತದೆ? ಮಾರುವವನ ಜೇಬಿಗೆ. ಕೊಳ್ಳುವವನು ಅದಕ್ಕೆ ಇವತ್ತೇ ನಗದು ಎಣಿಸಬೇಕು. ಇದನ್ನು ಎಷ್ಟು ಸಲ ಹೇಳಿದರೂ ಜನರ ತಲೆಗೆ ಹೋಗುವುದಿಲ್ಲ.

ಅದಿರಲಿ, ಆ ಹತ್ತು ಲಕ್ಷದ ಬಿಲ್ಲಿಗೆ ಈಗ ಯಾವ ಬೆಲೆಯಿದೆ? ಸರಕು ಸಾಗಣೆ ವಾಹನಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ಮೂಲ ಬೆಲೆ ಅದೇ ಇದ್ದರೆ ಆ ಹತ್ತು ಲಕ್ಷದ ಗಾಡಿ ಇಂದು ಸುಮಾರು 9 ಲಕ್ಷ 22 ಸಾವಿರಕ್ಕೆ ಹೊಚ್ಚ ಹೊಸದಾಗಿ ಸಿಗಬೇಕು. ಹಾಗಾದರೆ ಹುಡುಗನಿಗೆ ಉಳಿಯುವುದು ಬರೀ ಹನ್ನೆರಡು ಸಾವಿರ! ಹಳೆಯ ವಾಹನದ ಸಾಲಕ್ಕೆ ಬಡ್ಡಿಯೂ ಸಾಮಾನ್ಯವಾಗಿ ಹೆಚ್ಚು. ಕೆಲವು ಕಂತು ಕಟ್ಟುವಷ್ಟರಲ್ಲಿ ಆ ಹನ್ನೆರಡು ಸಾವಿರದ ಸುಳಿವೂ ಇರುವುದಿಲ್ಲ. ವರ್ಷ ದಾಟಿದ ಗಾಡಿಗೆ ವಿಮೆಯವರೇ ಐಡಿವಿ (ವಿಮೆಗೆ ಹಿಡಿಯುವ ಗಾಡಿಯ ಬೆಲೆ) ಲೆಕ್ಕದಲ್ಲಿ ಶೇ 20 ಸವಕಳಿ ಹಿಡಿಯುತ್ತಾರೆ. ದಲ್ಲಾಳಿಯ ಲೆಕ್ಕದಲ್ಲಿ ಮಾತ್ರ ಗಾಡಿ ಸವೆಯುವುದೇ ಇಲ್ಲ.

ಮೀಟರ್ ತೋರಿಸಿ ‘ಕಡಿಮೆ ಓಡಿದೆ’ ಎಂದರು. ಓಡಿದ್ದು ಕಡಿಮೆಯೇ ಇರಲಿ, ಹೊತ್ತಿದ್ದೆಷ್ಟು? ನಾನು ಬಗ್ಗಿ ಹಿಂದಿನ ಪಾಟಾ, ಅಂದರೆ ಭಾರ ಹೊರುವ ಉಕ್ಕಿನ ಪಟ್ಟಿಗಳ ಸ್ಪ್ರಿಂಗ್, ನೋಡಿದೆ. ಕಂಪನಿಯ ಪಟ್ಟಿಗಳ ನಡುವೆ ಹೊರಗಿನದೊಂದು ಹೆಚ್ಚುವರಿ ಪಟ್ಟಿ ಕೂತಿತ್ತು, ಅದರ ಬಣ್ಣವೇ ಬೇರೆ. ಪಾಟಾವನ್ನು ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟ್‌ಗಳ ನಟ್‌ಗಳ ಮೇಲೆ ಸ್ಪ್ಯಾನರ್ ತಿಕ್ಕಿದ ಹೊಳಪು. ಹಿಂದಿನ ಟೈರಿನ ಒಳ ಅಂಚು ನುಣ್ಣಗಾಗಿತ್ತು. ನಿಂಬೆಹಣ್ಣು ಹೇರಿದವರು ಹೆಚ್ಚುವರಿ ಪಟ್ಟಿ ಹಾಕಿಸುವುದಿಲ್ಲ. ಕಲ್ಲನ್ನೋ ಇಟ್ಟಿಗೆಯನ್ನೋ ಮಿತಿ ಮೀರಿ ಹೇರುವವರು ಹಾಕಿಸುತ್ತಾರೆ. ಇದನ್ನು ನೋಡಲು ಹುಡುಗನಿಗೆ ಹೇಳಿದರೆ ‘ಕಾಕಾ, ರೀಸೇಲ್ ಇದೆಯಂತಲ್ಲ’ ಎನ್ನುತ್ತಾನೆ!

‘ಕಷ್ಟ ಬಂದರೆ ಮಾರಿ ಕೈ ತೊಳೆದುಕೊಳ್ಳಬಹುದು’ ಎಂದು ಬುದ್ಧಿ ಹೇಳುವ ಗೆಳೆಯರಿದ್ದಾರೆ. ಕಷ್ಟದಲ್ಲಿ ಮಾರುವವನಿಗೆ ಬೆಲೆ ಕೊಟ್ಟವರನ್ನು ನಾನಂತೂ ಕಂಡಿಲ್ಲ. ಸಾಲ ತೀರಿಸಿ, ಫಾರಂ 35 ಕೊಟ್ಟು ಆರ್‌ಸಿಯಿಂದ ಫೈನಾನ್ಸ್‌ನ ಹೆಸರು ತೆಗೆಸಬೇಕು. ಅಷ್ಟಾದ ಮೇಲೂ ಕೊಳ್ಳಲು ಬಂದವನು ‘ಎರಡನೇ ಮಾಲೀಕ’ ಎಂಬ ನೆಪ ಮುಂದಿಟ್ಟು ಬೆಲೆ ಇಳಿಸುತ್ತಾನೆ. ಅಷ್ಟಕ್ಕೂ ಈ ಹುಡುಗ ದುಡಿಯಲು ಗಾಡಿ ಕೊಳ್ಳುತ್ತಿದ್ದಾನೆ, ಮಾರಲು ಅಲ್ಲ. ಏಳೆಂಟು ವರ್ಷ ದುಡಿಸಿದ ಮೇಲೆ ಬರುವ ಬೆಲೆ ಆ ಗಾಡಿಯ ಚಾಸಿಸ್ ಹೇಗಿದೆ ಎಂಬುದರ ಮೇಲೆ ನಿಲ್ಲುತ್ತದೆ, ದಲ್ಲಾಳಿಯ ಬಾಯಿಮಾತಿನ ಮೇಲಲ್ಲ.

ಸೋಲಾಪುರದಲ್ಲಿ ಅಗ್ಗವೆಂದು ಎಂಎಚ್ (ಮಹಾರಾಷ್ಟ್ರ ನೋಂದಣಿಯ) ಗಾಡಿಯ ಹಿಂದೆ ಬೀಳುವವರಿಗೂ ಒಂದು ಮಾತು: ಅಲ್ಲಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತಂದು, ಇಲ್ಲಿಯ ತೆರಿಗೆ ಕಟ್ಟಿ, ನಮ್ಮ ವಿಜಯಪುರದ ಕೆಎ 28 ನಂಬರ್ ಮಾಡಿಸುವ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿ.

ಹುಡುಗ ಇನ್ನೂ ಟೋಕನ್ (ಮುಂಗಡ) ಕೊಟ್ಟಿಲ್ಲ, ಸೋಮವಾರದವರೆಗೆ ತಡೆದಿದ್ದೇನೆ. ಇಂಡಿ, ಚಡಚಣ, ಸಿಂದಗಿ ಕಡೆ ಮಾಲೀಕರೇ ಓಡಿಸಿದ, ಪಾಟಾ ಮುಟ್ಟದ ಗಾಡಿಯಿದ್ದರೆ ತಿಳಿಸಿ. ಹಳೆಯ ಬಿಲ್ ಬೇಡ, ಇವತ್ತಿನ ಹೊಸ ಗಾಡಿಯ ಬೆಲೆಯಿಂದ ಸವಕಳಿ ಕಳೆದು ಹೇಳಿ. ಮೆಕ್ಯಾನಿಕ್‌ನನ್ನು ಕರೆದುಕೊಂಡು ನಾವೇ ಬರುತ್ತೇವೆ.