ಕಾರಿಗೆ ರ‍್ಯಾಂಪ್ ಇದೆ, ಅಮ್ಮನಿಗೆ ಇಲ್ಲ

ಮೈಸೂರಿನ ಯಾವ ಬಡಾವಣೆಗೆ ಬೇಕಾದರೂ ಹೋಗಿ ನೋಡಿ. ಕುವೆಂಪುನಗರ, ವಿಜಯನಗರ, ಎಲ್ಲಾದರೂ ಸರಿ. ಗೇಟಿನಿಂದ ರಸ್ತೆವರೆಗೆ ಕಾಂಕ್ರೀಟಿನ ಇಳಿಜಾರು ಇರುತ್ತದೆ. ಕಾರು ಕುಲುಕದೆ ಒಳಗೆ ಹೋಗಬೇಕಲ್ಲ! ಅದೇ ಮನೆಯ ಬಾಗಿಲಿಗೆ ಮಾತ್ರ ಐದು ಮೆಟ್ಟಿಲು. ಗ್ರಾನೈಟ್ ಬೇರೆ. ನೀರು ಬಿದ್ದರೆ ಜಾರುತ್ತದೆ.

ಯಾರನ್ನೂ ಬೈಯೋಕೆ ಬರೆಯುತ್ತಿಲ್ಲ. ಇಪ್ಪತ್ತೆರಡು ವರ್ಷದಿಂದ ಇಂಥ ಮನೆಗಳನ್ನು ಕಟ್ಟಿಸಿಕೊಡುತ್ತಿರುವವನು ನಾನೇ. ನನ್ನ ಮನೆಯೂ ಹಾಗೇ ಇದೆ.

ಹೋದ ವರ್ಷ ಅಮ್ಮ ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಆಯಿತು. ಆಸ್ಪತ್ರೆಯಿಂದ ಬಂದ ದಿನ ನಾನೂ ತಮ್ಮನೂ ಕುರ್ಚಿ ಸಮೇತ ಎತ್ತಿಕೊಂಡು ಐದು ಮೆಟ್ಟಿಲು ಹತ್ತಿಸಿದೆವು. "ನನ್ನ ಉತ್ಸವ ಹೊರಡಿಸಿಬಿಟ್ರಲ್ಲೋ" ಅಂದಳು. ನಗುತ್ತಲೇ ಅಂದಳು, ಆದರೆ ಕುರ್ಚಿಯ ಕೈ ಬಿಗಿಯಾಗಿ ಹಿಡಿದಿದ್ದಳು.

ಒಳಗೆ ಇನ್ನೊಂದು ತಾಪತ್ರಯ. ಬಚ್ಚಲ ಬಾಗಿಲು ಎರಡೂಕಾಲು ಅಡಿ. ಚೌಕಟ್ಟು ಕಳೆದರೆ ಎರಡಡಿ ಉಳಿಯುತ್ತದೆ ಅಷ್ಟೆ. ವಾಕರನ್ನು ಅಡ್ಡ ತಿರುಗಿಸಿದರೆ ಮಾತ್ರ ಒಳಗೆ ಹೋಗುತ್ತದೆ. ವಾಕರ್ ಇರುವುದೇ ಹಿಡಿದುಕೊಳ್ಳೋಕೆ. ಅದನ್ನೇ ತಿರುಗಿಸುವಾಗ ಅವಳು ಏನನ್ನು ಹಿಡಿದುಕೊಳ್ಳಬೇಕು? ಆ ಅಳತೆ ಬರೆದಿದ್ದೂ ನಾನೇ. ಬಚ್ಚಲಿಗೆ ಇಷ್ಟು ಸಾಕು ಅಂತ ಎಲ್ಲರೂ ಸುಮ್ನೆ ಬರೆಯುವ ಅಳತೆ. ಮೂರಡಿ ಬಿಟ್ಟಿದ್ದರೆ ಒಂದಿಷ್ಟು ಇಟ್ಟಿಗೆಯೇ ಉಳಿಯುತ್ತಿತ್ತು.

ಹೊರಗೆ ರ‍್ಯಾಂಪ್ ಹಾಕಿದರಾಯ್ತು ಅಂತ ಟೇಪ್ ಹಿಡಿದು ನಿಂತೆ. ಒಂದಕ್ಕೆ ಹನ್ನೆರಡು ಅನ್ನುವುದು ಲೆಕ್ಕ. ಒಂದಡಿ ಏರಲು ಹನ್ನೆರಡು ಅಡಿ ಉದ್ದ ಬೇಕು. ನಮ್ಮ ಪ್ಲಿಂತ್ (ಹೊರಗಿನ ಮಟ್ಟದಿಂದ ಮನೆಯೊಳಗಿನ ನೆಲಕ್ಕಿರುವ ಎತ್ತರ) ಎರಡೂವರೆ ಅಡಿ. ಅಂದರೆ 30 ಅಡಿ ರ‍್ಯಾಂಪ್, ನಡುವೆ ನಿಂತು ಸುಧಾರಿಸಿಕೊಳ್ಳಲು ಸಮತಟ್ಟು ಜಾಗ ಬೇರೆ. ಸೈಟೇ 30-40. ಎಲ್ಲಿ ಹಾಕಲಿ?

ಪ್ಲಿಂತ್ ಅಷ್ಟೆತ್ತರ ಯಾಕೆ ಅನ್ನುತ್ತೀರಾ? ಪ್ರತಿ ಸಲವೂ ಹಳೆಯ ಡಾಂಬರು ಕೀಳದೆ ಅದರ ಮೇಲೇ ಹೊಸದು ಹಾಕುತ್ತಾರೆ. ರಸ್ತೆ ಏರುತ್ತಾ ಹೋಗುತ್ತದೆ, ಮಳೆ ನೀರು ಮನೆಗೆ ನುಗ್ಗುತ್ತದೆ. ಆ ಭಯಕ್ಕೆ ಮಾಲೀಕರು "ಇನ್ನೊಂದು ವರಸೆ ಏರಿಸಿಬಿಡಿ ಸಾರ್" ಅನ್ನುತ್ತಾರೆ. ಪಕ್ಕದ ಮನೆಗಿಂತ ತಗ್ಗಾಗಬಾರದು ಅನ್ನೋ ಹಟವೂ ಇರುತ್ತದೆ, ಅದನ್ನು ಬಾಯಿಬಿಟ್ಟು ಹೇಳಲ್ಲ. ಮುಂದೊಂದು ದಿನ ಆ ಮನೆಗೆ ರ‍್ಯಾಂಪ್ ಹಾಕೋಕೆ ಆಗುತ್ತಾ ಇಲ್ವಾ ಅನ್ನುವುದು ಪಾಯದ ದಿನವೇ ತೀರ್ಮಾನ ಆಗಿಹೋಗುತ್ತದೆ.

ಮನೆಯ ಕಥೆ ಇದಾದರೆ, ಅಮ್ಮನ ಒಂದು ಸಹಿಗೆ ಅಂತ ಹೋದ ಆಫೀಸಿನಲ್ಲಿ ರ‍್ಯಾಂಪೇನೋ ಇತ್ತು. ಮೂರಡಿ ಎತ್ತರಕ್ಕೆ ಎಂಟಡಿ ಉದ್ದ. ಮಕ್ಕಳು ಜಾರುಬಂಡೆ ಆಡೋಕೆ ಚೆನ್ನಾಗಿದೆ. ಕೆಳಗೆ ಎರಡು ಸ್ಕೂಟರ್ ನಿಂತಿದ್ದವು. ಹಳೆಯ ಸಾರ್ವಜನಿಕ ಕಟ್ಟಡಗಳನ್ನು ನಿಯಮ ಬಂದ ಐದು ವರ್ಷದೊಳಗೆ ಸರಿಪಡಿಸಬೇಕು ಅಂತ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುತ್ತದೆ. ನಿಯಮ ಬಂದಿದ್ದು 2017ರಲ್ಲಿ. ಲೆಕ್ಕ ನೀವೇ ಹಾಕಿ. ಸೌಲಭ್ಯದ ಅಳತೆಗಳು ಬರೀ ಸಲಹೆಯಂತೆ ಇದ್ದರೆ ಆಗದು, ಕಡ್ಡಾಯ ಮಾಡಿ ಅಂತ ಸುಪ್ರೀಂ ಕೋರ್ಟೇ 2024ರ ನವೆಂಬರಿನಲ್ಲಿ ಹೇಳಬೇಕಾಯಿತು.

ಫುಟ್‌ಪಾತಿನ ಹಳದಿ ಟೈಲ್ಸ್ ನೋಡಿರುತ್ತೀರಿ. ಕಣ್ಣು ಕಾಣದವರ ಕಾಲಿಗೆ, ಕೋಲಿಗೆ ಸಿಗಲಿ ಅಂತ ಜಪಾನಿನ ಸೇಯಿಚಿ ಮಿಯಾಕೆ ಕಂಡುಹಿಡಿದಿದ್ದು. 1967ರಲ್ಲಿ ಒಕಾಯಾಮಾ ಊರಿನಲ್ಲಿ ಮೊದಲು ಹಾಕಿದರು. ಉದ್ದ ಗೆರೆ ಇದ್ದರೆ ಮುಂದೆ ಹೋಗಿ ಅಂತ, ಚುಕ್ಕಿ ಇದ್ದರೆ ನಿಲ್ಲಿ, ಹುಷಾರು ಅಂತ. ನಾನು ನೋಡಿದ ಒಂದು ಕಡೆ ಗೆರೆ, ಚುಕ್ಕಿ ಎರಡನ್ನೂ ರಂಗೋಲಿ ಥರ ಕಲಸಿ ಹಾಕಿದ್ದರು. ನೇರವಾಗಿ ಕರೆಂಟ್ ಕಂಬದ ಬುಡಕ್ಕೆ ಹೋಗಿ ನಿಂತಿತ್ತು. ಮೇಸ್ತ್ರಿಯದ್ದು ತಪ್ಪಿಲ್ಲ. ಅದು ಯಾಕೆ ಅಂತ ಅವನಿಗೆ ಯಾರೂ ಹೇಳಿಲ್ಲ.

ಯೂನಿವರ್ಸಲ್ ಡಿಸೈನ್ ಅನ್ನೋ ಹೆಸರು ಕೊಟ್ಟ ರೊನಾಲ್ಡ್ ಮೇಸ್ ಅಮೆರಿಕದ ಆರ್ಕಿಟೆಕ್ಟ್. ಚಿಕ್ಕಂದಿನಲ್ಲೇ ಪೋಲಿಯೊ ಆಗಿ ಗಾಲಿಕುರ್ಚಿಯಲ್ಲೇ ಓಡಾಡಿದವರು. ಅಂಗವಿಕಲರಿಗೆ ಅಂತ ಹಿಂದೊಂದು ಬಾಗಿಲು ಮಾಡಬೇಡಿ, ಮುಂದಿನ ಬಾಗಿಲೇ ಎಲ್ಲರಿಗೂ ಆಗುವಂತಿರಲಿ ಅನ್ನುವುದು ಅದರ ತಿರುಳು. ಬಾಗಿಲಿಗಷ್ಟೇ ಅಲ್ಲ, ಅಡುಗೆಮನೆ ಸಾಮಾನಿಗೂ ಇದೇ ಮಾತು. ಅಮ್ಮನಿಗೆ ಈಗ ನೆಲದಲ್ಲಿ ಕೂತು ಈಳಿಗೆಮಣೆ ಹಿಡಿಯೋಕಾಗಲ್ಲ. ತರಕಾರಿ ಸಿಪ್ಪೆ ತೆಗೆಯೋಕೆ ದಪ್ಪ ರಬ್ಬರ್ ಹಿಡಿಯ ಪೀಲರ್ ತಂದುಕೊಟ್ಟೆ. ಆ ಥರದ್ದನ್ನು 1990ರಲ್ಲಿ ಸ್ಯಾಮ್ ಫಾರ್ಬರ್ ಅನ್ನುವವರು ಮಾರುಕಟ್ಟೆಗೆ ತಂದರು. ಅವರ ಹೆಂಡತಿಗೆ ಸಂಧಿವಾತ, ಸಣ್ಣ ಹಿಡಿ ಹಿಡಿಯೋಕಾಗುತ್ತಿರಲಿಲ್ಲ. ನಮ್ಮನೇಲಿ ಈಗ ಗಟ್ಟಿಮುಟ್ಟಾಗಿರುವ ನನ್ನ ಹೆಂಡತಿಯೂ ಹಳೆಯದನ್ನು ಮುಟ್ಟಲ್ಲ.

ಹೋದ ತಿಂಗಳು ಮಂಡ್ಯದಲ್ಲಿ ಒಂದು ಮನೆಗೆ ಪಾಯ ಹಾಕಿದೆವು. ಪ್ಲಿಂತ್ ಒಂದೇ ಅಡಿ ಇಡೋಣ, ಗೇಟಿನ ಹತ್ತಿರ ಅಡ್ಡಕ್ಕೆ ಚರಂಡಿ ತೆಗೆದು ಮೇಲೆ ಕಬ್ಬಿಣದ ಜಾಲರಿ ಹಾಕೋಣ, ನೀರು ಅಲ್ಲೇ ಇಳಿಯುತ್ತೆ ಅಂದೆ. ಕಾರು ನಿಲ್ಲಿಸುವ ಪೋರ್ಟಿಕೋ ಪಕ್ಕದಲ್ಲೇ ಬಾಗಿಲವರೆಗೂ ಹದವಾದ ಇಳಿಜಾರು. ಮಾಲೀಕರು ತುಂಬಾ ಹೊತ್ತು ಸುಮ್ಮನಿದ್ದರು. "ಅಷ್ಟು ತಗ್ಗಾದ್ರೆ ನೋಡೋಕೆ ಚೆನ್ನಾಗಿರುತ್ತಾ ಸಾರ್?" ಅಂದರು. ಕೊನೆಗೆ ಒಂದೂಕಾಲು ಅಡಿಗೆ ಒಪ್ಪಿದರು. ಹದಿನೈದು ಅಡಿ ರ‍್ಯಾಂಪ್ ಸಿಕ್ಕಿತು. ನನಗೆ ಅಷ್ಟೇ ಖುಷಿ.

ನಮ್ಮ ಬಚ್ಚಲ ಬಾಗಿಲನ್ನೂ ಒಡೆಸಿ ಮೂರಡಿ ಮಾಡಿಸಿದೆ. ಹಳೆಯ ಡಿಸೈನಿನ ಟೈಲ್ಸ್ ಈಗ ಬರಲ್ಲವಂತೆ. ಒಡೆದ ಜಾಗಕ್ಕೆ ಬೇರೆ ಬಣ್ಣದ್ದು ತೇಪೆ ಹಾಕಿದ್ದೇವೆ. ಅಮ್ಮ ವಾಕರ್ ಹಿಡಿದು ಸಲೀಸಾಗಿ ಒಳಗೆ ಹೋಗುತ್ತಾಳೆ. ಬಂದವರಿಗೆಲ್ಲ ಮಾತ್ರ ಆ ತೇಪೆ ತೋರಿಸುತ್ತಾಳೆ. "ಊರಿಗೆಲ್ಲ ಮನೆ ಕಟ್ಟೋನು, ಅವನ ಮನೆ ಟೈಲ್ಸ್ ನೋಡಿ ಹೆಂಗಿದೆ!"