ಹಾಯಿದೋಣಿಗೆ ಬಂದ ನೆಂಟರು

ಕೊಡಗಿನ ಮನೆಗಳಲ್ಲಿ ನೆಂಟರನ್ನು ಯಾವಾಗ ಬರುತ್ತೀರೆಂದು ಕೇಳುವ ಪದ್ಧತಿಯಿದೆಯೇ ಹೊರತು ಯಾವಾಗ ಹೊರಡುತ್ತೀರೆಂದು ಕೇಳುವ ಪದ್ಧತಿಯಿಲ್ಲ. ಹತ್ತು ಜನ ಬಂದರೆ ಹತ್ತು ಹಾಸಿಗೆ ಬಿಚ್ಚುತ್ತೇವೆ, ಬಚ್ಚಲೊಲೆಗೆ ಇನ್ನೆರಡು ಕೊರಡು ತಳ್ಳುತ್ತೇವೆ, ಕಡಂಬುಟ್ಟಿಗೆ ಇನ್ನೊಂದು ಪಾವು ತರಿ ಸೇರಿಸುತ್ತೇವೆ. ನಾಪೋಕ್ಲು ಬಳಿಯ ನಮ್ಮ ಮನೆಯಲ್ಲಿ ನಾನೂ ಈ ಸಂಸ್ಕಾರದಲ್ಲೇ ಬೆಳೆದವನು. ಆದರೆ ಸರಕು ಹಡಗುಗಳ ಎಂಜಿನಿಯರ್ ಕೆಲಸದಿಂದ ನಿವೃತ್ತನಾಗಿ, ವರ್ಷದ ಒಣ ತಿಂಗಳುಗಳನ್ನು ಮಲೇಷ್ಯಾದ ಲಂಕಾವಿ ದ್ವೀಪದ ಬಳಿ 36 ಅಡಿ ಉದ್ದದ ಹಾಯಿದೋಣಿಯೊಂದರಲ್ಲಿ ನನ್ನಾಕೆಯೊಡನೆ ಕಳೆಯತೊಡಗಿದ ಮೇಲೆ ಈ ಸಂಸ್ಕಾರ ಇಕ್ಕಟ್ಟಿಗೆ ಸಿಲುಕಿದೆ. ದೋಣಿಯಲ್ಲಿ ನೀರು, ಗ್ಯಾಸ್, ಬ್ಯಾಟರಿ ಎಲ್ಲಕ್ಕೂ ಲೆಕ್ಕವುಂಟು. ಆತಿಥ್ಯವೊಂದಕ್ಕೆ ಲೆಕ್ಕವಿಡುವುದು ಊರಿನವರಿಗೆ ಅವಮಾನವೆನಿಸುತ್ತದೆ.

ಕಾಫಿ ಕುಯ್ಲು ಮುಗಿದು, ಗಿಡಗಳನ್ನು ಹೂಬಿಡಿಸುವ ಹೂಮಳೆಗೆ ಕಾಯುವ ಬಿಡುವಿನಲ್ಲಿ ಮೂವರು ಬಂದರು. ಒಬ್ಬರು ನಿವೃತ್ತ ಮೇಜರ್, ಇನ್ನೊಬ್ಬರು ಅವರ ಪತ್ನಿ, ನಮಗೆಲ್ಲ ಅಕ್ಕ. ಮೂರನೆಯವನು ನನ್ನ ಬಾಲ್ಯದ ಗೆಳೆಯನಾದ ತೋಟಗಾರ. ಮಡಚಿಡಲು ಬರುವ ಬಟ್ಟೆಯ ಚೀಲವನ್ನಷ್ಟೇ ತನ್ನಿರೆಂದು ಮೊದಲೇ ತಿಳಿಸಿದ್ದೆ, ಏಕೆಂದರೆ ದೋಣಿಯ ಗೋಡೆಗಳೆಲ್ಲ ಬಾಗಿರುವುದರಿಂದ ಚೌಕಾಕಾರದ ಯಾವ ವಸ್ತುವಿಗೂ ಅಲ್ಲಿ ನೆಲೆಯಿಲ್ಲ. ಮೇಜರರು ನಾಲ್ಕು ಗಾಲಿಯ ಗಟ್ಟಿ ಸೂಟ್‌ಕೇಸನ್ನೇ ತಂದರು. ಅದನ್ನು ಕಿರಿದಾದ ಏಣಿಯಿಂದ ಹೇಗೋ ಕೆಳಗಿಳಿಸಿದೆವು. ಮುಂಭಾಗದ ಜೋಡಿ ಹಾಸಿಗೆಯನ್ನು ಅಕ್ಕನೂ ಸೂಟ್‌ಕೇಸೂ ಹಂಚಿಕೊಂಡರು. ಮೇಜರರು ಹೊರಗೆ ಚುಕ್ಕಾಣಿಯ ಪಕ್ಕದ ಬೆಂಚಿನಲ್ಲಿ ಮಲಗಿದರು.

ದೋಣಿಯ ಶೌಚಾಲಯದ ಬಗ್ಗೆ ಅತಿಥಿಗಳಿಗೆ ನಾನು ಮೊದಲ ಸಂಜೆಯೇ ಪಾಠ ಮಾಡುತ್ತೇನೆ. ಸಮುದ್ರದ ನೀರನ್ನು ಕೈಪಂಪಿನಿಂದ ಒಳಗೆಳೆದು, ಅದೇ ಪಂಪಿನಿಂದ ಹೊರತಳ್ಳುವ ಏರ್ಪಾಡು ಅದು. ತಿಂದು ಅರಗಿಸಿದ್ದನ್ನು ಬಿಟ್ಟರೆ ಬೇರೇನನ್ನೂ ಅದರೊಳಗೆ ಹಾಕಬಾರದು, ಕಾಗದವನ್ನಂತೂ ಕೂಡದು. ಮೇಜರರು ತಲೆದೂಗಿದರು. ಮಾರನೆಯ ಬೆಳಿಗ್ಗೆ ಪಂಪಿನ ಹಿಡಿ ಕೆಳಗೆ ಹೋಗಲೊಲ್ಲದು. ಕೊಳವೆಯ ಬಾಯಿಯಲ್ಲಿ ಬಾತುಕೋಳಿಯ ಕೊಕ್ಕಿನಾಕಾರದ ಪುಟ್ಟ ರಬ್ಬರ್ ಕವಾಟವೊಂದಿದೆ. ಹೊರಹೋದದ್ದು ಹಿಂದಿರುಗದಂತೆ ತಡೆಯುವುದು ಅದರ ಕೆಲಸ. ಸಮುದ್ರದ ನೀರೂ ಮೂತ್ರವೂ ಬೆರೆತು ಕೊಳವೆಯೊಳಗೆ ಕಟ್ಟುವ ಸುಣ್ಣದಂಥ ಗಟ್ಟಿ ಪದರವು ಮೊದಲೇ ದಾರಿಯನ್ನು ಕಿರಿದು ಮಾಡಿರುತ್ತದೆ. ಮೊಣಕಾಲೂರಿ, ಬಾಯಿಯಿಂದಷ್ಟೇ ಉಸಿರಾಡುತ್ತ, ಆ ಕವಾಟವನ್ನು ಬಿಚ್ಚಿ ನೋಡಿದಾಗ ಸಿಕ್ಕಿದ್ದು ವಿಮಾನದಲ್ಲಿ ಕೊಡುವ ಒದ್ದೆ ಕಾಗದದ ಕರವಸ್ತ್ರ. ಅದರ ಮೇಲಿನ ಅಕ್ಷರಗಳು ಕೂಡ ಅಳಿಸಿರಲಿಲ್ಲ. "ಅದು ಕಾಗದವಲ್ಲ, ಬಟ್ಟೆಯಂತಿತ್ತು" ಎಂದು ಮೇಜರರು ಸಮಜಾಯಿಷಿ ಕೊಟ್ಟರು.

ನೀರಿನ ವಿಷಯ ಇದಕ್ಕಿಂತ ಸೂಕ್ಷ್ಮವಾದದ್ದು. ಭಾಗಮಂಡಲದ ಕಡೆ ಕೆಲವು ವರ್ಷ ಮಳೆ 200 ಇಂಚನ್ನೂ ದಾಟುತ್ತದೆ. ಅಂಥ ಸೀಮೆಯವರಿಗೆ 250 ಲೀಟರಿನ ತೊಟ್ಟಿಯೊಂದು ಐದು ಜನರ ಸಮಸ್ತ ಸಂಪತ್ತೆಂದು ಹೇಳಿದರೆ ತಮಾಷೆಯೆಂದು ಭಾವಿಸುತ್ತಾರೆ. ಅಕ್ಕ ಬೆಳಿಗ್ಗೆ ತಲೆಗೆ ಸ್ನಾನ ಮಾಡಿದರು, ಸಂಜೆ ಬರಿಯ ಸ್ನಾನ ಮಾಡಿದರು, ನಡುವೆ ಎಲ್ಲರ ಬಟ್ಟೆಯನ್ನೂ ಒಗೆದು ಸುತ್ತಲಿನ ಕಂಬಿಗಳ ಮೇಲೆ ಹರವಿದರು. ಎರಡನೆಯ ದಿನ ನಲ್ಲಿ ಕೆಮ್ಮಿತು. ತೋಟಗಾರ ತೊಟ್ಟಿಗೆ ಕೋಲಿಳಿಸಿ, ಮಳೆಮಾಪಕ ನೋಡುವ ಗಾಂಭೀರ್ಯದಿಂದ, "ಮೂವತ್ತು ಸೆಂಟು" ಎಂದು, ನಮ್ಮ ತೋಟಗಳಲ್ಲಿ ಮಳೆಯನ್ನಳೆಯುವ ಇಂಚಿನ ನೂರನೆಯ ಒಂದು ಭಾಗದ ಲೆಕ್ಕದಲ್ಲೇ ವರದಿ ಒಪ್ಪಿಸಿದ. ಅವನ ಮನಸ್ಸಾದರೋ ಊರಿನಲ್ಲೇ ಇತ್ತು, ದೋಣಿಯ ಮೂತಿಯಲ್ಲಿ ನಿಂತು ಫೋನನ್ನು ಆಕಾಶಕ್ಕೆ ಹಿಡಿದು, "ಮಳೆ ಬಂತಾ? ಎಷ್ಟು ಸೆಂಟು? ರೊಬಸ್ಟಾಕ್ಕೆ ಸಾಕಾ?" ಎಂದು ತೋಟದ ಲೆಕ್ಕ ನೋಡುವ ರೈಟರನನ್ನು ದಿನಕ್ಕೆರಡು ಬಾರಿ ವಿಚಾರಿಸುತ್ತಿದ್ದ.

ಸ್ನಾನದ ಕೊರತೆಯನ್ನು ತುಂಬಲು ಎಲ್ಲರನ್ನೂ ದಯಾಂಗ್ ಬುಂಟಿಂಗ್ ದ್ವೀಪಕ್ಕೆ ಕರೆದೊಯ್ದೆ. ಸಮುದ್ರದಿಂದ ಒಂದು ಕಲ್ಲಿನ ದಿಣ್ಣೆಯಷ್ಟೇ ದೂರದಲ್ಲಿ ಅಲ್ಲೊಂದು ಸಿಹಿನೀರಿನ ಕೆರೆಯಿದೆ. ಮಕ್ಕಳಿಲ್ಲದವರು ಆ ನೀರನ್ನು ಕುಡಿದರೆ ಇಲ್ಲವೇ ಅದರಲ್ಲಿ ಮಿಂದರೆ ಬಸಿರಾಗುತ್ತಾರೆಂಬ ನಂಬಿಕೆ ಸ್ಥಳೀಯರಲ್ಲಿದೆಯೆಂದು ನನ್ನಾಕೆ ಹೇಳುವಷ್ಟರಲ್ಲಿ, ಮೊಮ್ಮಕ್ಕಳಿರುವ ಅಕ್ಕ ಕುತ್ತಿಗೆಯವರೆಗೆ ಇಳಿದಾಗಿತ್ತು. ಆಮೇಲೆ ಅವರು ಬಹಳ ಹೊತ್ತು ನೀರಿನಲ್ಲಿ ನಿಲ್ಲಲಿಲ್ಲ. ದಡಕ್ಕೆ ಮರಳುವ ದಾರಿಯಲ್ಲಿ ಕೋತಿಯೊಂದು ಮೇಜರರ ಕೈಯಿಂದ ಬಿಸ್ಕತ್ತಿನ ಚೀಲವನ್ನು ಕನ್ನಡಕದ ಸಮೇತ ಕಿತ್ತುಕೊಂಡು ಮರವೇರಿತು. ಮೇಜರರದು ಕೋವಿಗೆ ಪರವಾನಗಿಯ ವಿನಾಯಿತಿ ಇರುವ ಮನೆತನ. ಅವರು ಬರಿಗೈಯನ್ನೇ ಹೆಗಲಿಗೇರಿಸಿ ಗುರಿ ಹಿಡಿದರು. ಕೋತಿ ಬಿಸ್ಕತ್ತನ್ನು ಪೂರ್ತಿ ತಿಂದು ಮುಗಿಸಿ ಕನ್ನಡಕವನ್ನು ಕೆಳಗೆಸೆಯಿತು.

ಹಾಯಿ ಬಿಚ್ಚಿದ ದಿನದ ಕಥೆಯೇ ಬೇರೆ. ಸಂಪಾಜೆ ಘಾಟಿಯ ತಿರುವುಗಳಲ್ಲಿ ಬೆಳೆದ ತಮಗೆ ವಾಂತಿಯ ಭಯವಿಲ್ಲವೆಂದು ಮೂವರೂ ಸಾರಿದ್ದರು. ಕಣ್ಣಿಗೆ ಕೋಣೆ ನಿಶ್ಚಲವಾಗಿ ಕಾಣುವಾಗ ಕಿವಿಯೊಳಗಿನ ಸಮತೋಲನದ ಅಂಗವು ಅಲುಗಾಟವನ್ನು ದೂರುತ್ತದೆ, ಈ ಎರಡರ ಜಗಳವೇ ವಾಂತಿಗೆ ಮೂಲ. ಆದ್ದರಿಂದ ಹೊರಗೆ ಕುಳಿತು ದಿಗಂತವನ್ನು ನೋಡಿರಿ ಎಂದೆ. ತೋಟಗಾರ ಒಳಗೆ ಕುಳಿತು ಫೋನ್ ನೋಡಿದ. ಅನಂತರ ಓಡೋಡಿ ಹೊರಬಂದವನು ಎರಡು ಬದಿಗಳಲ್ಲಿ ಗಾಳಿಗೆ ಎದುರಾದ ಬದಿಯನ್ನೇ ಆರಿಸಿಕೊಂಡದ್ದರಿಂದ, ಒಗೆದು ಹರವಿದ ಬಟ್ಟೆಗಳನ್ನು ಮತ್ತೆ ಒಗೆಯಬೇಕಾಯಿತು.

ಅದೇ ಹೊತ್ತಿಗೆ ಒಳಗೆ ಪಂದಿಕರಿ ಬೇಯುತ್ತಿತ್ತು. ಹಂದಿಮಾಂಸ ಚೀನೀ ಅಂಗಡಿಯದು, ಕಾಚಂಪುಳಿಯೆಂಬ ಕಪ್ಪು ಹುಳಿ ಮಾತ್ರ ಊರಿನಿಂದ ಸೂಟ್‌ಕೇಸಿನಲ್ಲಿ ಬಂದದ್ದು. ಹಾಯಿದೋಣಿಯ ಒಲೆಯನ್ನು ತೊಟ್ಟಿಲಿನಂತೆ ತೂಗುಬಿಟ್ಟಿರುತ್ತಾರೆ. ದೋಣಿ ಎಷ್ಟು ವಾಲಿದರೂ ಒಲೆ ಮಾತ್ರ ಮಟ್ಟಸವಾಗಿ ನಿಲ್ಲುತ್ತದೆ. ಅದು ತೂಗಾಡುವುದನ್ನು ಕಂಡ ಅಕ್ಕ, ಇಷ್ಟು ದುಡ್ಡಿನ ದೋಣಿಯಲ್ಲಿ ಒಲೆಯ ಕಾಲನ್ನು ಭದ್ರ ಮಾಡಿಸಲಾಗದ ನಮ್ಮ ಬಗ್ಗೆ ಮರುಕಗೊಂಡು, ಹಗ್ಗದ ತುಂಡೊಂದನ್ನು ಹುಡುಕಿ ಒಲೆಯನ್ನು ಬಿಗಿಯಾಗಿ ಕಟ್ಟಿದ್ದರು. ಗಾಳಿ ಜೋರಾಗಿ ದೋಣಿ 20 ಡಿಗ್ರಿ ವಾಲಿತು. ಪಾತ್ರೆಯನ್ನು ಹಿಡಿದಿಡುವ ಕಂಬಿಗಳಿದ್ದುದರಿಂದ ಪಾತ್ರೆ ಅಲ್ಲೇ ಉಳಿಯಿತು, ಒಳಗಿದ್ದದ್ದು ಹೊರಟಿತು. ನೆಲದ ಹಲಗೆಗಳ ಸಂದಿನಿಂದ ಸಾರು ದೋಣಿಯ ತಳದ ಗುಂಡಿಗಿಳಿಯಿತು, ಗುಂಡಿಯಲ್ಲಿ ತೇಲುವ ಸ್ವಿಚ್ಚು ಮೇಲೇರಿತು, ಸ್ವಯಂಚಾಲಿತ ಪಂಪು ತನ್ನ ಕರ್ತವ್ಯವನ್ನು ಚಾಚೂ ತಪ್ಪದೆ ನೆರವೇರಿಸಿ ಪಂದಿಕರಿಯ ಸಾರನ್ನು ಕಪ್ಪು ಧಾರೆಯಾಗಿ ಅಂಡಮಾನ್ ಸಮುದ್ರಕ್ಕೆ ಸುರಿಯಿತು. ಹಲಗೆಯ ಮೇಲುಳಿದ ತುಂಡುಗಳನ್ನು ತೊಳೆದು ತಿನ್ನಬಹುದೇ ಎಂದು ಮೇಜರರು ವಿಚಾರಿಸಿದರು. ನೀರಿರಲಿಲ್ಲ.

ಆ ರಾತ್ರಿ ಆರು ಮೀಟರ್ ಆಳದಲ್ಲಿ ಲಂಗರು ಹಾಕಿ, ವಾಡಿಕೆಯಂತೆ ಆಳದ ಐದು ಪಟ್ಟು, ಅಂದರೆ 30 ಮೀಟರ್ ಸರಪಳಿ ಬಿಟ್ಟೆ. ಲಂಗರು ಜಾರಿ ದೋಣಿ ಗೊತ್ತುಪಡಿಸಿದ ವೃತ್ತದಿಂದ ಹೊರಬಿದ್ದರೆ ಕೂಗುವಂತೆ ಫೋನಿನಲ್ಲಿ ಎಚ್ಚರಿಕೆಯ ಗಂಟೆಯಿಟ್ಟು, ಅದನ್ನು ಚಾರ್ಜಿಗೆ ಹಾಕಿ ಮಲಗಿದೆ. ನಡುರಾತ್ರಿ ಗಾಳಿ ದಿಕ್ಕು ಬದಲಿಸಿತು, ಲಂಗರು ಜಾರಿತು, ಗಂಟೆಯೂ ಹೊಡೆಯಿತು. "ಯಾರದೋ ಅಲಾರಾಂ ಹೊತ್ತಲ್ಲದ ಹೊತ್ತಿನಲ್ಲಿ ಹೊಡೆಯುತ್ತಿತ್ತು, ನಿಮಗೆಲ್ಲ ನಿದ್ದೆ ಕೆಡಬಾರದೆಂದು ನಾನೇ ಎದ್ದು ನಿಲ್ಲಿಸಿದೆ" ಎಂದು ಅಕ್ಕ ಬೆಳಿಗ್ಗೆ ಹೇಳಿದರು. ಅಷ್ಟು ಹೊತ್ತಿಗೆ ನಮ್ಮ ದೋಣಿ ಪಕ್ಕದ ದೋಣಿಯ ಮಗ್ಗುಲಿಗೆ ಹೋಗಿ ನಿಂತಿತ್ತು, ಅದರ ಒಡೆಯನಾದ ಮುದುಕ ಒಳಚಡ್ಡಿಯಲ್ಲೇ ನಿಂತು ಎರಡರ ನಡುವೆ ರಬ್ಬರ್ ಉರುಳೆಗಳನ್ನು ತುರುಕುತ್ತಿದ್ದ. ಬೆಂಚಿನ ಮೇಲೆ ಕಣ್ಣುಬಿಟ್ಟ ಮೇಜರರು, ನೆರೆಮನೆ ಇಷ್ಟು ಹತ್ತಿರವಿದ್ದುದು ನಿನ್ನೆ ಗಮನಕ್ಕೆ ಬರಲಿಲ್ಲವೆಂದುಕೊಂಡು, ಅವನನ್ನು ಕಾಫಿಗೆ ಕರೆದರು. ಅವನು ಬಂದ, ಬೆಲ್ಲದ ಕರಿಕಾಫಿಯನ್ನು ಎರಡು ಲೋಟ ಕುಡಿದ, ಮತ್ತು ತನ್ನ ಲಂಗರನ್ನು ಎತ್ತಿ ಬೇರೆ ಕೊಲ್ಲಿಗೆ ಹೊರಟುಹೋದ.

ಈಗ ವಿರಾಜಪೇಟೆಯ ಮದುವೆ ಮಂಟಪಗಳಲ್ಲಿ ಈ ಪ್ರವಾಸದ ಕಥೆ ಓಡಾಡುತ್ತಿದೆ. ಮೇಜರರ ಆವೃತ್ತಿಯಲ್ಲಿ ಬಿರುಗಾಳಿಯ ರಾತ್ರಿ ದೋಣಿಯನ್ನು ಕಾದವರು ಹೊರಗೆ ಮಲಗಿದ್ದ ಅವರೇ. ಕೇಳಿದವರಲ್ಲಿ ನಾಲ್ಕು ಕುಟುಂಬದವರು ನನಗೆ ಫೋನ್ ಮಾಡಿ, ನಿಮ್ಮ ಹಡಗಿನಲ್ಲಿ ಎಷ್ಟು ರೂಮುಗಳಿವೆಯೆಂದು ವಿಚಾರಿಸಿದ್ದಾರೆ. ಬರಬೇಡಿರೆಂದು ಹೇಳಲು ನಾಲಿಗೆ ಏಳದೆ, ಮೊದಲು ನಿಮ್ಮ ಕಾಫಿ ಕುಯ್ಲು ಮುಗಿಯಲಿ ಎಂದಿದ್ದೇನೆ. ಎಲ್ಲರೂ ಈ ಸಲ ಹೆಚ್ಚಿಗೆ ಆಳು ಹಿಡಿದು ಬೇಗನೆ ಮುಗಿಸುತ್ತೇವೆಂದು ಭರವಸೆ ಕೊಟ್ಟಿದ್ದಾರೆ.